ನೀರಿನ ಬಾಟಲಿ ಕಾಯುವ ಹುಡುಗಿ: ಹೃದಯದ ಕಾಯಿಲೆ ಇರುವ ಮಕ್ಕಳ ದಿನನಿತ್ಯದ ಬದುಕು

ಅಕ್ಕನ ಮಗಳು ಪುಟ್ಟಿಗೆ ಆಗ ಎಂಟು ವರ್ಷ. ಒಂದು ದಿನ ಅವಳನ್ನು ಶಾಲೆಯಿಂದ ಕರೆದುಕೊಂಡು ಬರಲು ಸ್ವಲ್ಪ ಬೇಗ ಹೋಗಿದ್ದೆ. ಪಿಟಿ ಪೀರಿಯಡ್ ನಡೀತಿತ್ತು. ಕ್ಲಾಸಿನ ಮಕ್ಕಳೆಲ್ಲ ಖೋ ಖೋ ಆಡುತ್ತಿದ್ದರು. ಪುಟ್ಟಿ ಮಾತ್ರ ಹೊಂಗೆ ಮರದ ಕಟ್ಟೆ ಮೇಲೆ ಕೂತಿದ್ದಳು. ಪಕ್ಕದಲ್ಲಿ ಇಪ್ಪತ್ತೈದು ಮೂವತ್ತು ನೀರಿನ ಬಾಟಲಿ. ಎಲ್ಲವನ್ನೂ ಬಣ್ಣದ ಪ್ರಕಾರ ಸಾಲಾಗಿ ಜೋಡಿಸಿದ್ದಳು. ‘ಇದು ನನ್ ಕೆಲಸ ಚಿಕ್ಕಮ್ಮ. ಯಾರ ಬಾಟಲಿ ಯಾವ್ದು ಅಂತ ನಂಗೊಬ್ಳಿಗೇ ಗೊತ್ತು’ ಅಂದಳು.

ಅದಕ್ಕೆ ಹದಿನೈದು ದಿನ ಮುಂಚೆಯಷ್ಟೇ ಅವಳ ಎಕೋ, ಅಂದರೆ ಹೃದಯದ ಸ್ಕ್ಯಾನ್, ಆಗಿತ್ತು. ರಿಪೋರ್ಟು ಚೆನ್ನಾಗಿತ್ತು. ‘ಓಡಲಿ, ಆಡಲಿ. ಸುಸ್ತಾದರೆ ಅವಳೇ ನಿಲ್ಲುತ್ತಾಳೆ’ ಅಂತ ಡಾಕ್ಟರು ಹೇಳಿ ಕಳಿಸಿದ್ದರು. ಆ ಮಾತು ಆಸ್ಪತ್ರೆಯಿಂದ ಮನೆಗೆ ಬಂತು. ಮನೆಯಿಂದ ಶಾಲೆಗೆ ಹೋಗಲೇ ಇಲ್ಲ. ಅಕ್ಕನಿಗೆ ಹೇಳಲು ಭಯ, ಮೇಷ್ಟ್ರಿಗೆ ಕೇಳಲು ಭಯ.

ಹೃದಯದ ಕಾಯಿಲೆ ಇರುವ ಮಕ್ಕಳ ಬಗ್ಗೆ ನಾವು ಮಾತಾಡುವುದೆಲ್ಲ ಆಪರೇಷನ್ ಬಗ್ಗೆ. ತೂತು ಮುಚ್ಚಿದರಾ, ಎಷ್ಟು ಖರ್ಚಾಯ್ತು, ಜೀವ ಉಳೀತಾ. ಆಮೇಲಿನ ಹತ್ತು, ಇಪ್ಪತ್ತು, ಐವತ್ತು ವರ್ಷಗಳನ್ನು ಆ ಮಗು ಹೇಗೆ ಬದುಕುತ್ತದೆ ಅನ್ನೋದನ್ನು ಕೇಳುವವರು ಕಡಿಮೆ. ವೈದ್ಯರ ಭಾಷೆಯಲ್ಲಿ ಇದಕ್ಕೆ ‘ಬದುಕಿನ ಗುಣಮಟ್ಟ’ ಅನ್ನುತ್ತಾರೆ. ಹೆಸರು ದೊಡ್ಡದಾಗಿದೆ. ಒಳಗಿರುವುದು ಮಾತ್ರ ಆಟ, ನಿದ್ದೆ, ಗೆಳೆಯರು, ಹೋಂವರ್ಕು, ಕನ್ನಡಿ.

ಅಳೆಯುವುದು ಹೇಗೆ?

ಬಿಪಿ ನೋಡಿದ ಹಾಗೆ ಇದನ್ನು ಯಂತ್ರದಲ್ಲಿ ನೋಡಲು ಆಗುವುದಿಲ್ಲ. ಕೇಳಿಯೇ ತಿಳಿಯಬೇಕು. ಅದಕ್ಕೆ ಪ್ರಶ್ನಾವಳಿಗಳಿವೆ. ಜಾಸ್ತಿ ಬಳಕೆಯಲ್ಲಿರುವುದು ಪೆಡ್ಸ್‌ಕ್ಯೂಎಲ್ ಅನ್ನುವುದು. ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ವಾರ್ನಿ ಮತ್ತು ಅವರ ಜೊತೆಗಾರರು ರೂಪಿಸಿದ್ದು. ಅದರಲ್ಲಿ 23 ಪ್ರಶ್ನೆ. 8 ಪ್ರಶ್ನೆ ದೇಹದ ಬಗ್ಗೆ: ಓಡುವುದು ಕಷ್ಟವಾ, ಭಾರ ಎತ್ತುವುದು ಕಷ್ಟವಾ. ಉಳಿದದ್ದು ಐದೈದರಂತೆ ಮನಸ್ಸು, ಗೆಳೆಯರು, ಶಾಲೆ. ‘ಹೋದ ಒಂದು ತಿಂಗಳಲ್ಲಿ ಇದು ನಿನಗೆ ಎಷ್ಟು ಸಲ ತೊಂದರೆ ಕೊಡ್ತು?’ ಅಂತ ಕೇಳುತ್ತಾರೆ. ಕೊನೆಗೆ 100ಕ್ಕೆ ಅಂಕ. ಐದು ವರ್ಷ ತುಂಬಿದ ಮಗು ತಾನೇ ಉತ್ತರ ಕೊಡಬಹುದು. ಚಿಕ್ಕ ಮಕ್ಕಳಿಗೆ ನಗುವ ಮುಖ, ಅಳುವ ಮುಖ ತೋರಿಸಿ ಬೆರಳಿಡು ಅನ್ನುತ್ತಾರೆ.

ತಂದೆತಾಯಿಗೂ ಇದೇ ಪ್ರಶ್ನೆಗಳಿವೆ. ಅಲ್ಲೊಂದು ಗಮನಿಸಬೇಕಾದ ವಿಷಯ ಇದೆ. ಕಾಯಿಲೆ ಇರುವ ಮಕ್ಕಳ ವಿಷಯದಲ್ಲಿ ಮಗು ತನಗೆ ಕೊಟ್ಟುಕೊಳ್ಳುವ ಅಂಕಕ್ಕಿಂತ ಅಪ್ಪ ಅಮ್ಮ ಕೊಡುವ ಅಂಕ ಸಾಮಾನ್ಯವಾಗಿ ಕಡಿಮೆ ಇರುತ್ತದೆ. ಮಗುವಿಗೆ ಅಷ್ಟೇನೂ ಕಷ್ಟ ಅನ್ನಿಸದ್ದು ಅಮ್ಮನಿಗೆ ಮಹಾ ಕಷ್ಟವಾಗಿ ಕಾಣುತ್ತದೆ. ಉಲ್ಟಾ ಕೂಡ ಆಗುತ್ತದೆ. ಅಮ್ಮನ ಗಮನಕ್ಕೇ ಬಾರದ ಸಂಗತಿ, ಉದಾಹರಣೆಗೆ ಬಾಟಲಿ ಕಾಯುವುದು, ಮಗುವಿನ ಎದೆಯಲ್ಲಿ ಕೂತಿರುತ್ತದೆ.

ಇನ್ನೊಂದು ಸಂಗತಿಯೂ ಇದೆ. ದೊಡ್ಡ ತೊಂದರೆ ಇದ್ದರೆ ಕೆಟ್ಟ ಬದುಕು, ಸಣ್ಣದಿದ್ದರೆ ಒಳ್ಳೆಯದು ಅಂತ ನೇರ ಲೆಕ್ಕ ಇಲ್ಲ. ತೀರಾ ಸಣ್ಣ ತೂತಿರುವ ಮಗು ಮನೆಯವರ ಹೆದರಿಕೆಯಿಂದ ಮೂಲೆಗೆ ಬೀಳಬಹುದು. ಮೂರು ಆಪರೇಷನ್ ಆದ ಮಗು ಊರೆಲ್ಲ ಸುತ್ತಿಕೊಂಡು ಖುಷಿಯಾಗಿರಬಹುದು.

ಪುಟ್ಟಿಯ ಹೃದಯ

ನೂರು ಮಕ್ಕಳು ಹುಟ್ಟಿದರೆ ಹೆಚ್ಚುಕಡಿಮೆ ಒಂದಕ್ಕೆ ಹೃದಯದಲ್ಲಿ ಏನಾದರೂ ಹುಟ್ಟುದೋಷ ಇರುತ್ತದೆ. ಎಲ್ಲವೂ ದೊಡ್ಡದಲ್ಲ. ಕೆಳಗಿನ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ ಸಣ್ಣ ತೂತಿದ್ದರೆ ಎಷ್ಟೋ ಸಲ ತಾನಾಗೇ ಮುಚ್ಚಿಕೊಳ್ಳುತ್ತದೆ.

ಪುಟ್ಟಿಗಿದ್ದದ್ದು ‘ಟೆಟ್ರಾಲಜಿ ಆಫ್ ಫ್ಯಾಲೋ’. 1888ರಲ್ಲಿ ಇದನ್ನು ವಿವರಿಸಿದ ಫ್ರೆಂಚ್ ವೈದ್ಯ ಫ್ಯಾಲೋ ಹೆಸರಿನದು. ಟೆಟ್ರಾ ಅಂದರೆ ನಾಲ್ಕು. ಕೆಳಕೋಣೆಗಳ ನಡುವೆ ದೊಡ್ಡ ತೂತು. ಶ್ವಾಸಕೋಶಕ್ಕೆ ರಕ್ತ ಹೋಗುವ ದಾರಿ ಇಕ್ಕಟ್ಟು. ಮೈಗೆ ರಕ್ತ ಒಯ್ಯುವ ದೊಡ್ಡ ಕೊಳವೆ ಆ ತೂತಿನ ಮೇಲೇ ಕೂತಿರುವುದು. ಇಕ್ಕಟ್ಟಿನ ಎದುರು ದುಡಿದೂ ದುಡಿದೂ ಬಲಗಡೆಯ ಸ್ನಾಯು ದಪ್ಪವಾಗಿರುವುದು. ಇದರಿಂದ ಒಂದಷ್ಟು ರಕ್ತ ಶ್ವಾಸಕೋಶಕ್ಕೆ ಹೋಗದೆ, ಆಮ್ಲಜನಕ ಸಿಗದೆ, ಹಾಗೇ ಮೈಗೆ ಹೋಗುತ್ತದೆ. ತುಟಿ, ಉಗುರು ನೀಲಿಗಟ್ಟುತ್ತವೆ.

ಆಪರೇಷನ್‌ಗೆ ಮುಂಚೆ ಪುಟ್ಟಿ ಹತ್ತು ಹೆಜ್ಜೆ ಓಡಿದರೆ ಕುಕ್ಕುರುಗಾಲಲ್ಲಿ ಕೂತುಬಿಡುತ್ತಿದ್ದಳು. ಯಾರೂ ಹೇಳಿಕೊಟ್ಟಿದ್ದಲ್ಲ. ಹಾಗೆ ಕೂತರೆ ಕಾಲಿನ ರಕ್ತನಾಳ ಮಡಚಿಕೊಂಡು ಮೈಕಡೆಯ ಒತ್ತಡ ಏರುತ್ತದೆ. ಆಗ ಇಕ್ಕಟ್ಟಾದ ದಾರಿಯಲ್ಲೂ ಶ್ವಾಸಕೋಶಕ್ಕೆ ಸ್ವಲ್ಪ ಜಾಸ್ತಿ ರಕ್ತ ನುಗ್ಗುತ್ತದೆ. ಇಷ್ಟು ಚಿಕ್ಕ ಮಗುವಿನ ಮೈ ತನ್ನ ಉಪಾಯ ತಾನೇ ಕಂಡುಕೊಂಡಿತ್ತು ಅನ್ನೋದು ಈಗಲೂ ನನಗೆ ಅಚ್ಚರಿ.

1944ಕ್ಕಿಂತ ಮುಂಚೆ ಈ ಮಕ್ಕಳಿಗೆ ಏನೂ ಮಾಡಲು ಆಗುತ್ತಿರಲಿಲ್ಲ. ಆ ವರ್ಷ ನವೆಂಬರ್ 29ರಂದು ಅಮೆರಿಕದ ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಸರ್ಜನ್ ಆಲ್‌ಫ್ರೆಡ್ ಬ್ಲಾಲಾಕ್ ಒಂದು ಪುಟ್ಟ ಹುಡುಗಿಗೆ, ಕೈಗೆ ಹೋಗುವ ರಕ್ತನಾಳವನ್ನು ಶ್ವಾಸಕೋಶದ ನಾಳಕ್ಕೆ ಜೋಡಿಸಿದರು. ಈ ಯೋಚನೆ ಅಲ್ಲಿನ ಮಕ್ಕಳ ಹೃದಯದ ವೈದ್ಯೆ ಹೆಲೆನ್ ಟಾಸಿಗ್ ಅವರದು. ಅವರಿಗೆ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ. ಮಕ್ಕಳ ಎದೆಬಡಿತವನ್ನು ಬೆರಳ ತುದಿಯಲ್ಲಿ ಮುಟ್ಟಿ ತಿಳಿಯುತ್ತಿದ್ದರು. ಜೋಡಣೆಯ ಕೈಕೆಲಸವನ್ನು ಪ್ರಯೋಗಾಲಯದಲ್ಲಿ ಸಾಧಿಸಿದವರು ವಿವಿಯನ್ ಥಾಮಸ್ ಎಂಬ ಕಪ್ಪು ಜನಾಂಗದ ಸಹಾಯಕ. ಆಪರೇಷನ್ ದಿನ ಬ್ಲಾಲಾಕ್ ಅವರ ಹಿಂದೆ ನಿಂತು ಹೇಗೆ ಹೊಲಿಯಬೇಕೆಂದು ಹೇಳಿಕೊಟ್ಟಿದ್ದರು. ಹತ್ತು ವರ್ಷದ ನಂತರ, 1954ರಲ್ಲಿ, ಮಿನ್ನೆಸೋಟಾದಲ್ಲಿ ವಾಲ್ಟ್ ಲಿಲ್ಲೆಹೈ ಮತ್ತವರ ತಂಡ ಹೃದಯ ತೆರೆದು ಪೂರ್ತಿ ರಿಪೇರಿ ಮಾಡಿತು. ಪುಟ್ಟಿಗೆ ಆದದ್ದೂ ಅಂಥದ್ದೇ: ತೂತಿಗೆ ತೇಪೆ, ಇಕ್ಕಟ್ಟಿನ ದಾರಿ ಅಗಲ.

‘ಈಗ ಪೂರ್ತಿ ವಾಸಿ ಆಯ್ತಲ್ಲ?’ ಅಂತ ಎಲ್ಲರೂ ಕೇಳುತ್ತಾರೆ. ವಾಸಿ ಅನ್ನೋದಕ್ಕಿಂತ ರಿಪೇರಿ ಅನ್ನೋದು ಸರಿ. ದಾರಿ ಅಗಲ ಮಾಡಿದಾಗ ಅಲ್ಲಿನ ವಾಲ್ವು, ಅಂದರೆ ರಕ್ತ ಹಿಂದಕ್ಕೆ ಬರದಂತೆ ತಡೆಯುವ ಕದ, ಸಾಮಾನ್ಯವಾಗಿ ಸೋರುತ್ತದೆ. ಬಹಳ ವರ್ಷ ಏನೂ ಗೊತ್ತಾಗುವುದಿಲ್ಲ. ಎಷ್ಟೋ ಜನಕ್ಕೆ ಹರೆಯದಲ್ಲೋ ಆಮೇಲೋ ಹೊಸ ವಾಲ್ವು ಹಾಕಬೇಕಾಗುತ್ತದೆ. ಎದೆಬಡಿತದ ಲಯವೂ ತಪ್ಪಬಹುದು. ಅದಕ್ಕೇ ಚೆಕಪ್ ಜೀವನಪೂರ್ತಿ. ಆರಾಮಾಗಿದ್ದಾಳಲ್ಲ ಅಂತ ಬಿಟ್ಟುಬಿಡುವುದೇ ದೊಡ್ಡ ತಪ್ಪು.

ಓಡಬಹುದಾ?

ಬಹಳಷ್ಟು ಮಕ್ಕಳು ಓಡಬಹುದು. ಓಡಬೇಕು ಕೂಡ. ಕೂತೇ ಬೆಳೆದ ಮಗುವಿಗೆ ಸ್ನಾಯು ಬಲಿಯುವುದಿಲ್ಲ, ತೂಕ ಏರುತ್ತದೆ. ಆಮೇಲೆ ನಾಲ್ಕು ಮೆಟ್ಟಿಲು ಹತ್ತಿದರೂ ಏದುಸಿರು ಬರುತ್ತದೆ. ಅದನ್ನು ನೋಡಿ ಮನೆಯವರು ‘ನೋಡಿ, ಹಾರ್ಟು ವೀಕು’ ಅನ್ನುತ್ತಾರೆ. ಎಷ್ಟೋ ಸಲ ಹೃದಯ ಸರಿಯಾಗೇ ಇರುತ್ತದೆ, ಅಭ್ಯಾಸ ತಪ್ಪಿರುತ್ತದೆ. ಗೆಳೆತನ ಹುಟ್ಟುವುದೂ ಆಟದಲ್ಲೇ ಅಲ್ವಾ? ಆಟ ತಪ್ಪಿದ ಮಗುವಿಗೆ ಅದೂ ತಪ್ಪುತ್ತದೆ.

ಹಾಗಂತ ಎಲ್ಲರಿಗೂ ಒಂದೇ ನಿಯಮ ಇಲ್ಲ. ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುವ ಮಗುವಿಗೆ ಕಬಡ್ಡಿ, ಕುಸ್ತಿಯಂಥ ಪೆಟ್ಟು ಬೀಳುವ ಆಟ ಬೇಡ. ಎದೆಬಡಿತದ ಲಯ ಕಾಯಲು ಮೈಯೊಳಗೆ ಇಡುವ ಪೇಸ್‌ಮೇಕರ್ ಯಂತ್ರ ಇದ್ದರೆ ಆ ಜಾಗಕ್ಕೆ ಗುದ್ದು ಬೀಳಬಾರದು. ಮೈಗೆ ರಕ್ತ ಹೋಗುವ ವಾಲ್ವು ತುಂಬಾ ಇಕ್ಕಟ್ಟಾಗಿದ್ದರೆ, ಕೆಲವು ಬಗೆಯ ಲಯದ ತೊಂದರೆ ಇದ್ದರೆ, ರಭಸದ ಆಟಕ್ಕೆ ಕಡಿವಾಣ ಬೇಕು. ಕೆಲಸ ಮಾಡುವ ಕೆಳಕೋಣೆ ಒಂದೇ ಇರುವ ಮಕ್ಕಳು ಬೇರೆಯವರಿಗಿಂತ ಬೇಗ ಸುಸ್ತಾಗುತ್ತಾರೆ. ಅವರೂ ನಡೆಯಬಹುದು, ಸೈಕಲ್ ತುಳಿಯಬಹುದು. ಸಾಕು ಅನ್ನಿಸಿದಾಗ ನಿಲ್ಲಲು ಬಿಡಬೇಕು ಅಷ್ಟೇ.

ಆಡುವಾಗ ತಲೆ ತಿರುಗಿ ಬಿದ್ದರೆ, ಎದೆ ನೋವು ಅಂದರೆ, ಎದೆ ಡವಡವ ಅಂತ ಹೊಡೆದುಕೊಂಡು ನಿಲ್ಲದಿದ್ದರೆ, ತುಟಿ ಹೊಸದಾಗಿ ನೀಲಿಯಾದರೆ ಆಟ ಅಲ್ಲಿಗೇ ನಿಲ್ಲಿಸಿ. ತಡ ಮಾಡದೆ ಡಾಕ್ಟರಿಗೆ ತೋರಿಸಿ.

ಶಾಲೆಗೆ ಬಾಯಿಮಾತು ಸಾಲದು. ‘ಯಾವ ಆಟ ಆಡಬಹುದು, ಯಾವುದು ಬೇಡ, ಏನಾದರೆ ಯಾರಿಗೆ ಫೋನ್ ಮಾಡಬೇಕು’ ಈ ಮೂರನ್ನು ಡಾಕ್ಟರಿಂದ ಕನ್ನಡದಲ್ಲೇ ಅರ್ಧ ಪುಟ ಬರೆಸಿಕೊಳ್ಳಿ. ಮೇಷ್ಟ್ರಿಗೆ ಧೈರ್ಯ ಬರುವುದು ಕಾಗದ ಕೈಯಲ್ಲಿದ್ದಾಗ. ಅವರ ಮೇಲೂ ಜವಾಬ್ದಾರಿ ಇದೆ, ಅವರನ್ನು ದೂರಿ ಪ್ರಯೋಜನ ಇಲ್ಲ.

ಇಪ್ಪತ್ತೊಂದು ದಿನಕ್ಕೊಂದು ಸೂಜಿ

ಎಲ್ಲ ಹೃದಯದ ಕಾಯಿಲೆಯೂ ಹುಟ್ಟಿನಿಂದ ಬರುವುದಲ್ಲ. ನಮ್ಮಲ್ಲಿ ಇನ್ನೂ ಉಳಿದಿರುವ ಇನ್ನೊಂದಿದೆ, ರುಮ್ಯಾಟಿಕ್ ಹೃದ್ರೋಗ. ಗಂಟಲು ನೋವಿನಿಂದ ಶುರುವಾಗುತ್ತದೆ. ಸ್ಟ್ರೆಪ್ಟೊಕಾಕಸ್ ಅನ್ನುವ ಬ್ಯಾಕ್ಟೀರಿಯಾ ಕಾರಣ. ಸರಿಯಾದ ಔಷಧ ಬೀಳದಿದ್ದರೆ ಕೆಲವು ಮಕ್ಕಳಲ್ಲಿ, ಮುಖ್ಯವಾಗಿ 5ರಿಂದ 15 ವಯಸ್ಸಿನವರಲ್ಲಿ, ಎರಡು ಮೂರು ವಾರದ ನಂತರ ಜ್ವರ, ಕೀಲುನೋವು ಬರುತ್ತದೆ. ಬ್ಯಾಕ್ಟೀರಿಯಾ ಜೊತೆ ಹೋರಾಡಲು ಹೊರಟ ಮೈ ತನ್ನದೇ ಹೃದಯದ ವಾಲ್ವುಗಳಿಗೆ ಪೆಟ್ಟು ಕೊಟ್ಟುಕೊಳ್ಳುತ್ತದೆ. ಇಕ್ಕಟ್ಟಾದ ಮನೆ, ಒಂದೇ ಕೋಣೆಯಲ್ಲಿ ಏಳೆಂಟು ಜನ ಮಲಗುವ ಕಡೆ ಇದು ಜಾಸ್ತಿ. ಬಡತನದ ಕಾಯಿಲೆ ಅಂದರೂ ಸರಿ.

ಮತ್ತೆ ಮತ್ತೆ ಸೋಂಕು ತಗುಲಿದರೆ ವಾಲ್ವು ಇನ್ನಷ್ಟು ಹಾಳಾಗುತ್ತದೆ. ಅದನ್ನು ತಡೆಯಲು ಮೂರು ನಾಲ್ಕು ವಾರಕ್ಕೊಮ್ಮೆ, ನಮ್ಮಲ್ಲಿ ಸಾಮಾನ್ಯವಾಗಿ 21 ದಿನಕ್ಕೊಮ್ಮೆ, ಬೆಂಜಥಿನ್ ಪೆನಿಸಿಲಿನ್ ಇಂಜೆಕ್ಷನ್. ವಾಲ್ವಿಗೆ ಏನೂ ಆಗಿಲ್ಲದಿದ್ದರೂ ಕನಿಷ್ಠ 5 ವರ್ಷ. ಪೆಟ್ಟಾಗಿದ್ದರೆ 10 ವರ್ಷ, ಕೆಲವರಿಗೆ 40 ವಯಸ್ಸಿನವರೆಗೂ. ವರ್ಷಕ್ಕೆ ಹದಿನೇಳು ಸೂಜಿ ಅಂದರೆ ಒಂದು ಮಗುವಿನ ಬಾಲ್ಯಕ್ಕೆ ಎಷ್ಟಾಯ್ತು ಲೆಕ್ಕ ಹಾಕಿ.

ಈ ಔಷಧ ಹಾಲಿನ ಹಾಗೆ ಬೆಳ್ಳಗೆ, ಗಟ್ಟಿ. ದಪ್ಪ ಸೂಜಿ ಬೇಕು. ಸೊಂಟದ ಕೆಳಗೆ ಅಥವಾ ತೊಡೆಗೆ ಕೊಡುತ್ತಾರೆ. ಎರಡು ದಿನ ಕುಂಟಿಕೊಂಡು ನಡೆಯುವ ಮಕ್ಕಳಿದ್ದಾರೆ. ಆ ದಿನ ಶಾಲೆ ತಪ್ಪುತ್ತದೆ, ಅಮ್ಮನ ಕೂಲಿ ತಪ್ಪುತ್ತದೆ. ನೋವಿನ ಭಯಕ್ಕೇ ಎಷ್ಟೋ ಮನೆಗಳಲ್ಲಿ ಡೋಸು ತಪ್ಪುವುದು. ಅದಕ್ಕೆ ಮಗುವನ್ನು ಗದರಿಸಿದರೆ ಆಗುವುದಿಲ್ಲ. ನೋವು ಕಡಿಮೆ ಮಾಡುವ ದಾರಿಗಳಿವೆ. ಫ್ರಿಜ್ಜಿಂದ ತೆಗೆದ ಔಷಧವನ್ನು ತಣ್ಣಗಿರುವಾಗಲೇ ಕೊಡಬಾರದು. ಕೊಡುವ ಜಾಗವನ್ನು ಮೊದಲು ಹೆಬ್ಬೆರಳಿಂದ ಒತ್ತಿ ಹಿಡಿಯಬಹುದು. ಎರಡು ಮೂರು ನಿಮಿಷ ತಗೊಂಡು ನಿಧಾನವಾಗಿ ಕೊಡಬಹುದು. ಮರಗಟ್ಟಿಸುವ ಔಷಧ ಬೆರೆಸಿ ಕೊಡುವ ರೂಢಿಯೂ ಇದೆ. ನರ್ಸಮ್ಮನನ್ನು ಕೇಳಲು ಸಂಕೋಚ ಬೇಡ. ಈ ಸಲ ಎಡಗಡೆಯೋ ಬಲಗಡೆಯೋ ಅಂತ ಮಗುವೇ ಹೇಳಲಿ. ಅಷ್ಟು ಸಣ್ಣ ಆಯ್ಕೆ ಕೈಯಲ್ಲಿದ್ದರೂ ಹೆದರಿಕೆ ಇಳಿಯುತ್ತದೆ.

ವಾಲ್ವು ಪೂರ್ತಿ ಕೆಟ್ಟು ಲೋಹದ ವಾಲ್ವು ಹಾಕಿದರೆ ಇನ್ನೊಂದು ಶಿಸ್ತು ಶುರು. ಅದರ ಮೇಲೆ ರಕ್ತ ಹೆಪ್ಪುಗಟ್ಟದ ಹಾಗೆ ದಿನವೂ ಮಾತ್ರೆ. ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಅಂತ ನೋಡಲು ಆಗಾಗ ಐಎನ್‌ಆರ್ ಅನ್ನುವ ರಕ್ತಪರೀಕ್ಷೆ. ಅಂಕಿ ಕಡಿಮೆ ಆದರೆ ರಕ್ತ ಹೆಪ್ಪುಗಟ್ಟುವ ಅಪಾಯ, ಜಾಸ್ತಿ ಆದರೆ ರಕ್ತ ಸೋರುವ ಅಪಾಯ. ‘ಸೊಪ್ಪು ತಿನ್ನಲೇಬಾರದು’ ಅಂತ ಮನೆಮನೆಯಲ್ಲೂ ಹೇಳುತ್ತಾರೆ. ಅದು ತಪ್ಪು ತಿಳಿವಳಿಕೆ. ಸೊಪ್ಪಿನಲ್ಲಿರುವ ವಿಟಮಿನ್ ಕೆ ಮಾತ್ರೆಯ ಪ್ರಭಾವ ತಗ್ಗಿಸುತ್ತದೆ, ನಿಜ. ಆದರೆ ತೊಂದರೆ ಬರುವುದು ಏರುಪೇರಿನಿಂದ. ಮೂರು ವಾರ ಸೊಪ್ಪೇ ಮುಟ್ಟದೆ, ನಾಲ್ಕನೇ ವಾರ ದಿನವೂ ನುಗ್ಗೆಸೊಪ್ಪಿನ ಪಲ್ಯ ತಿಂದರೆ ಲೆಕ್ಕ ತಪ್ಪುತ್ತದೆ. ವಾರಕ್ಕೆ ಎರಡು ಸಲ ಬಸ್ಸಾರು ಅಂತಿದ್ದರೆ ಪ್ರತಿ ವಾರವೂ ಹಾಗೇ ಇರಲಿ. ಮಾತ್ರೆಯ ಪ್ರಮಾಣವನ್ನು ಡಾಕ್ಟರು ಅದಕ್ಕೆ ಹೊಂದಿಸುತ್ತಾರೆ. ನೋವಿನ ಮಾತ್ರೆ, ನಾಟಿ ಔಷಧ ಮಾತ್ರ ಕೇಳದೆ ಕೊಡಬೇಡಿ.

ಈ ಮಾತ್ರೆ ತಗೊಳ್ಳುವ ಹೆಣ್ಣುಮಕ್ಕಳಿಗೆ ಮುಟ್ಟಿನಲ್ಲಿ ರಕ್ತಸ್ರಾವ ಜಾಸ್ತಿ ಆಗಬಹುದು. ಹನ್ನೆರಡು ಹದಿಮೂರರ ಹುಡುಗಿ ಇದನ್ನು ಯಾರಿಗೂ ಹೇಳದೆ, ತಿಂಗಳಿಗೆ ನಾಲ್ಕು ದಿನ ಶಾಲೆ ಬಿಟ್ಟು ಒದ್ದಾಡುತ್ತಿರುತ್ತಾಳೆ. ರಕ್ತಹೀನತೆಯೂ ಸೇರಿಕೊಳ್ಳುತ್ತದೆ. ಹಾರ್ಟ್ ಡಾಕ್ಟರು ಕೇಳಲಿಕ್ಕಿಲ್ಲ. ಅಮ್ಮಂದಿರೇ ಮಾತು ತೆಗೆಯಬೇಕು.

ಊಟ, ಹಲ್ಲು, ಜ್ವರ

ಕೂಸಿದ್ದಾಗ ಪುಟ್ಟಿಗೆ ಹಾಲು ಕುಡಿಯುವುದೇ ವ್ಯಾಯಾಮ. ನಾಲ್ಕು ಗುಟುಕು ಕುಡಿದು ಸುಸ್ತಾಗಿ ಬಿಟ್ಟುಬಿಡುತ್ತಿದ್ದಳು. ಹೃದಯದ ತೊಂದರೆ ಇರುವ ಕೂಸುಗಳಲ್ಲಿ ಹಣೆ ಬೆವರುವುದು, ನಿಲ್ಲಿಸಿ ನಿಲ್ಲಿಸಿ ಕುಡಿಯುವುದು, ತೂಕ ಏರದಿರುವುದು ಸಾಮಾನ್ಯ. ಹೃದಯಕ್ಕೆ, ಉಸಿರಾಟಕ್ಕೆ ಶಕ್ತಿ ಜಾಸ್ತಿ ಖರ್ಚಾಗುತ್ತದೆ, ಒಳಗೆ ಹೋಗುವುದು ಕಡಿಮೆ. ಸ್ವಲ್ಪ ಸ್ವಲ್ಪ, ಮೇಲಿಂದ ಮೇಲೆ ಕೊಡಬೇಕು. ಆರು ತಿಂಗಳ ಮೇಲಿನ ಊಟಕ್ಕೆ ತುಪ್ಪವೋ ಎಣ್ಣೆಯೋ ಬೆರೆಸಿ ಶಕ್ತಿ ಹೆಚ್ಚಿಸಲು ಡಾಕ್ಟರು ಹೇಳುವುದುಂಟು. ‘ತಾಯಿಗೆ ಹಾಲೂಡಿಸೋಕೆ ಬರಲ್ಲ’ ಅಂತ ಅಕ್ಕನನ್ನು ಎಷ್ಟೋ ಜನ ಅಂದರು. ಅದು ಅವಳ ತಪ್ಪಾಗಿರಲಿಲ್ಲ.

ಹಲ್ಲಿಗೂ ಹೃದಯಕ್ಕೂ ಏನು ಸಂಬಂಧ ಅಂತ ನಾನೂ ಕೇಳಿದ್ದೆ. ಹುಳುಕು ಹಲ್ಲು, ರಕ್ತ ಬರುವ ವಸಡಿನಿಂದ ಬ್ಯಾಕ್ಟೀರಿಯಾ ರಕ್ತಕ್ಕೆ ಸೇರುತ್ತವೆ. ಒರಟಾದ ವಾಲ್ವು, ಕೃತಕ ವಾಲ್ವು ಇದ್ದರೆ ಅಲ್ಲಿ ಅಂಟಿಕೊಂಡು ಬೆಳೆಯುತ್ತವೆ. ಅದು ಜೀವಕ್ಕೇ ಅಪಾಯ. ದಿನಕ್ಕೆರಡು ಸಲ ಬ್ರಶ್, ವರ್ಷಕ್ಕೊಮ್ಮೆಯಾದರೂ ಹಲ್ಲಿನ ಡಾಕ್ಟರು. ಅಪಾಯ ಜಾಸ್ತಿ ಇರುವ ಮಕ್ಕಳಿಗೆ ಹಲ್ಲು ಕೀಳಿಸುವ ಮುಂಚೆ ಒಂದು ಡೋಸು ಆ್ಯಂಟಿಬಯಾಟಿಕ್ ಬೇಕು. ನಿಮ್ಮ ಮಗು ಆ ಗುಂಪಿಗೆ ಸೇರುತ್ತದಾ ಅಂತ ಕೇಳಿ ಫೈಲಿನ ಮೇಲೇ ಬರೆಸಿಡಿ. ಕಾರಣ ಗೊತ್ತಾಗದ ಜ್ವರ ದಿನಗಟ್ಟಲೆ ಬಂದರೆ ಮೆಡಿಕಲ್ ಶಾಪಿಂದ ಆ್ಯಂಟಿಬಯಾಟಿಕ್ ತಂದು ಹಾಕಬೇಡಿ. ಹೃದಯದ ಸೋಂಕು ಪತ್ತೆಮಾಡುವ ರಕ್ತಪರೀಕ್ಷೆ ಅದಕ್ಕಿಂತ ಮೊದಲು ಆಗಬೇಕು.

ಲಸಿಕೆಗಳು ಎಲ್ಲರಂತೆ ಇವರಿಗೂ ಬೇಕು, ಫ್ಲೂ ಮತ್ತು ನ್ಯುಮೋನಿಯಾ ಲಸಿಕೆಗಳಂತೂ ಮುಖ್ಯ. ದಿನಾಂಕದ ಬಗ್ಗೆ ಡಾಕ್ಟರನ್ನು ಕೇಳಿ.

ಪುಸ್ತಕದ ಮುಂದೆ

ದೊಡ್ಡ ಹುಟ್ಟುದೋಷ ಇದ್ದು ಎಳವೆಯಲ್ಲೇ ಆಪರೇಷನ್ ಆದ ಕೆಲವು ಮಕ್ಕಳಿಗೆ ಗಮನ ನಿಲ್ಲುವುದಿಲ್ಲ. ಬೋರ್ಡು ನೋಡಿ ಬರೆಯುವುದು ನಿಧಾನ. ಮಾತು ತಡವಾಗಿರಬಹುದು, ಲೆಕ್ಕ ತೊಡಕಾಗಬಹುದು. ಬೆಳೆಯುವ ಮೆದುಳಿಗೆ ಆಮ್ಲಜನಕ ಕಡಿಮೆ ಬಿದ್ದದ್ದು, ದೊಡ್ಡ ಆಪರೇಷನ್, ಆಸ್ಪತ್ರೆಯ ಉದ್ದದ ವಾಸ, ಎಲ್ಲವೂ ಸೇರಿ ಹೀಗಾಗುತ್ತದೆ. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2012ರಲ್ಲೇ ಇಂಥ ಮಕ್ಕಳ ಬೆಳವಣಿಗೆಯನ್ನು ಹಂತಹಂತವಾಗಿ ಪರೀಕ್ಷಿಸಬೇಕು ಅಂತ ಹೇಳಿದೆ. ನಮ್ಮಲ್ಲಿ ಇದು ಯಾರ ತಲೆಗೂ ಬರುವುದಿಲ್ಲ. ಮಗುವಿಗೆ ‘ಸೋಮಾರಿ’ ಅನ್ನುವ ಹೆಸರು ಬೀಳುತ್ತದೆ. ಸೋಮಾರಿತನ ಅಲ್ಲ ಅದು. ಬೇಗ ಗುರುತಿಸಿದರೆ ಸಹಾಯ ಇದೆ.

2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಇದಕ್ಕೆ ದಾರಿ. ಹುಟ್ಟಿನಿಂದ 18 ವಯಸ್ಸಿನವರೆಗೆ. ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಶಾಲೆಗೆ ಒಂದು ಸಲ ತಂಡ ಬಂದು ನೋಡಬೇಕು. ಹುಟ್ಟಿನಿಂದ ಬಂದ ಹೃದಯದ ತೊಂದರೆ, ರುಮ್ಯಾಟಿಕ್ ಹೃದ್ರೋಗ ಎರಡೂ ಅದರ ಪಟ್ಟಿಯಲ್ಲಿವೆ. ಬೆಳವಣಿಗೆ ತಡವಾಗುವುದೂ ಇದೆ. ಆಪರೇಷನ್ ಖರ್ಚಿಗೆ ಸರ್ಕಾರದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆ ಇದೆ. ಬೆಂಗಳೂರು, ಮೈಸೂರು, ಕಲಬುರಗಿಯಲ್ಲಿ ಜಯದೇವ ಹೃದ್ರೋಗ ಆಸ್ಪತ್ರೆ ಇದೆ. ಆದರೆ ಖರ್ಚು ಆಪರೇಷನ್‌ಗೆ ಮುಗಿಯುವುದಿಲ್ಲ. ಹಾಸನದಿಂದ ಆಚೆಯ ಹಳ್ಳಿಯಿಂದ ಬೆಳಗಿನ ಜಾವದ ಬಸ್ಸು ಹಿಡಿದು, ಫೈಲು, ಬುತ್ತಿ, ಮಗು ಎಲ್ಲ ಹೊತ್ತು ಬಂದು, ರಾತ್ರಿ ಮನೆ ಸೇರುವ ಅಕ್ಕನ ಒಂದು ದಿನಕ್ಕೆ ಯಾವ ಕಾರ್ಡೂ ದುಡ್ಡು ಕೊಡುವುದಿಲ್ಲ. ಚೆಕಪ್ ತಪ್ಪಿಸುವ ಮನೆಗಳನ್ನು ಬೈಯುವ ಮುಂಚೆ ಇದನ್ನು ನೆನೆಸಿಕೊಳ್ಳಬೇಕು.

ಕನ್ನಡಿ, ಗಾಯದ ಗೆರೆ

ಪುಟ್ಟಿಯ ಎದೆ ನಡುವೆ ಉದ್ದಕ್ಕೆ ಒಂದು ಗೆರೆ ಇದೆ. ಕತ್ತಿನವರೆಗೂ ಮುಚ್ಚುವ ಫ್ರಾಕೇ ಬೇಕು ಅಂತ ಅಕ್ಕ ಹುಡುಕಿ ಹುಡುಕಿ ತರುತ್ತಿದ್ದಳು. ಪುಟ್ಟಿಗೆ ಮೊದಲು ಆ ಗೆರೆಯ ಬಗ್ಗೆ ಏನೂ ಅನ್ನಿಸಿರಲಿಲ್ಲ. ಅಮ್ಮ ಮುಚ್ಚುತ್ತಾಳೆ ಅಂದಮೇಲೆ ಅದು ಮುಚ್ಚಿಡುವಂಥದ್ದು ಅಂತ ಕಲಿತಳು. ‘ಹೆಣ್ಣು ಮಗು, ಹೊರಗೆ ಹೇಳಬೇಡಿ, ನಾಳೆ ಮದುವೆ ಕಷ್ಟ’ ಅನ್ನುವ ಮಾತು ಅವಳ ಎದುರಿಗೇ ಆಡಿದವರೂ ಇದ್ದಾರೆ. ಆ ಮಾತು ಕೇಳಿದಾಗೆಲ್ಲ ನನಗೆ ಸಿಟ್ಟು ಬರುತ್ತದೆ. ಎಂಟು ವರ್ಷದ ಮಗುವಿಗೆ ಅದರಿಂದ ಅರ್ಥವಾಗುವುದು ಒಂದೇ, ನನ್ನಲ್ಲೇನೋ ನಾಚಿಕೆಗೇಡಿನದು ಇದೆ ಅಂತ. ಮುಚ್ಚಿಟ್ಟು ಮದುವೆ ಮಾಡಿದರೆ ಅಪಾಯವೂ ಇದೆ. ಬಸಿರಾಗುವ ಮುಂಚೆ ಹೃದಯದ ಪರೀಕ್ಷೆ ಆಗಬೇಕು. ರಕ್ತ ತೆಳು ಮಾಡುವ ಕೆಲವು ಮಾತ್ರೆ ಹೊಟ್ಟೆಯಲ್ಲಿರುವ ಕೂಸಿಗೆ ಹಾನಿ ಮಾಡುತ್ತವೆ. ಬಹಳಷ್ಟು ಹೆಣ್ಣುಮಕ್ಕಳು ಸರಿಯಾದ ನಿಗಾದಲ್ಲಿ ಆರೋಗ್ಯವಾಗಿ ತಾಯಿಯಾಗುತ್ತಾರೆ. ಗುಟ್ಟು ಇದ್ದಲ್ಲಿ ನಿಗಾ ಇರುವುದಿಲ್ಲ.

ಮಗುವಿಗೆ ನಿಜ ಹೇಳಿ, ವಯಸ್ಸಿಗೆ ತಕ್ಕ ಹಾಗೆ. ನಾಲ್ಕು ವರ್ಷಕ್ಕೆ ‘ನಿನ್ನ ಎದೆಯಲ್ಲಿ ಪುಟ್ಟ ತೂತಿತ್ತು, ಡಾಕ್ಟರು ಹೊಲಿದರು’ ಸಾಕು. ಎಂಟಕ್ಕೆ ಚಿತ್ರ ಬರೆದು ತೋರಿಸಿ. ಹನ್ನೆರಡರ ಹೊತ್ತಿಗೆ ಕಾಯಿಲೆಯ ಹೆಸರು, ಆದ ಆಪರೇಷನ್, ಮಾತ್ರೆಯ ಹೆಸರು ಅವರ ಬಾಯಲ್ಲೇ ಬರಬೇಕು. ಡಾಕ್ಟರ ಹತ್ತಿರ ಐದು ನಿಮಿಷ ಅಮ್ಮ ಇಲ್ಲದೆ ಮಾತಾಡಲಿ. ಹದಿನೆಂಟು ತುಂಬಿ ದೊಡ್ಡವರ ವಿಭಾಗಕ್ಕೆ ಹೋಗುವಾಗ ಫೈಲು ಅವರ ಕೈಗೆ ಬರುತ್ತದೆ. ತನ್ನ ಕಾಯಿಲೆಯ ಹೆಸರೇ ಗೊತ್ತಿಲ್ಲದ ಹುಡುಗ ಕೆಲಸ ಹುಡುಕಿ ಬೇರೆ ಊರಿಗೆ ಹೋದ ದಿನ ಚೆಕಪ್ಪೂ ನಿಂತುಹೋಗುತ್ತದೆ.

ಮನೆಯಲ್ಲಿ ಇನ್ನೊಂದು ಮಗು ಇದ್ದರೆ ಅದನ್ನೂ ನೋಡಿ. ಪುಟ್ಟಿಯ ಅಣ್ಣ ಎಷ್ಟೋ ರಾತ್ರಿ ಪಕ್ಕದ ಮನೆಯಲ್ಲಿ ಮಲಗಿದ್ದಾನೆ. ಅವನು ಯಾವತ್ತೂ ಏನೂ ಕೇಳಲಿಲ್ಲ. ಕೇಳದ ಮಗು ಅಂತ ನಾವೂ ಅವನನ್ನು ಕೇಳಲಿಲ್ಲ.

ಮುಂದಿನ ಚೆಕಪ್ಪಿಗೆ ಅಕ್ಕನ ಜೊತೆ ನಾನೂ ಹೋದೆ. ಶಾಲೆಗೆ ಚೀಟಿ ಬೇಕು ಅಂದೆ. ಡಾಕ್ಟರು ಪೆನ್ನು ತೆಗೆದು ಪುಟ್ಟಿಯನ್ನೇ ಕೇಳಿದರು, ‘ಏನು ಬರೀಲಿ?’ ಅವಳು ಅಮ್ಮನ ಮುಖ ನೋಡಿ, ನನ್ನ ಮುಖ ನೋಡಿ, ‘ಖೋ ಖೋ’ ಅಂದಳು.

ಸೋಮವಾರ ಚೀಟಿ ಮೇಷ್ಟ್ರ ಕೈ ಸೇರಿತು. ಸಂಜೆ ಪುಟ್ಟಿ ಮುಖ ಊದಿಸಿಕೊಂಡು ಬಂದಳು, ಮಂಡಿಯಲ್ಲಿ ತರಚು ಗಾಯ. ಅಕ್ಕ ಗಾಬರಿಯಾಗಿ ಎದೆಗೆ ಕೈ ಇಟ್ಟು ನೋಡಿದಳು. ಪುಟ್ಟಿ ಆ ಕೈ ತಳ್ಳಿ, ‘ಮೊದಲನೇ ಸಲವೇ ಔಟ್ ಮಾಡಿಬಿಟ್ರಮ್ಮ, ಮೋಸ’ ಅಂತ ಅಳಲು ಶುರುಮಾಡಿದಳು.